ಗುರಾಣಿಯ ಹಿಂದೆ ಐದು ಪುಟ್ಟ ಈಟಿಗಳು

ಸುಮಾರು 1,700 ವರ್ಷಗಳ ಹಿಂದೆ ಯುರೋಪಿನ ಡ್ಯಾನ್ಯೂಬ್ ನದಿ ರೋಮನ್ ಸಾಮ್ರಾಜ್ಯದ ಗಡಿಯಾಗಿತ್ತು. ನದಿಯಾಚೆಯ ಬಯಲಿನಲ್ಲಿ ಸರ್ಮೇಷಿಯನ್ನರೆಂಬ ಜನರಿದ್ದರು. ಕುದುರೆ ಸವಾರಿಯಲ್ಲಿ ಅವರದು ಎತ್ತಿದ ಕೈ.

ಅಂಥ ಸವಾರರು ರೋಮನ್ ಸೈನಿಕರ ಮೇಲೆ ನುಗ್ಗಿ ಬಂದರೆ? ಒಂದು ಲೆಕ್ಕ ಮಾಡೋಣ. ನಾಗಾಲೋಟದ ಕುದುರೆ ಸೆಕೆಂಡಿಗೆ 10 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ರೋಮನ್ ಕಾಲಾಳು ಎಸೆಯುತ್ತಿದ್ದ ಹಳೆಯ ಈಟಿಯ ಹೆಸರು ಪೀಲಂ. ಅದು 30 ಮೀಟರ್ ಹೋದರೆ ಹೆಚ್ಚು. ಅಂದರೆ ಕುದುರೆ ಈಟಿಗೆ ಎಟಕುವಷ್ಟು ಹತ್ತಿರ ಬಂದ ಮೇಲೆ ಸೈನಿಕನಿಗೆ ಉಳಿಯುತ್ತಿದ್ದುದು ಬರೀ 3 ಸೆಕೆಂಡು!

ಇನ್ನೂ ಕೆಲವು ಸೆಕೆಂಡು ಸಿಗಬೇಕಾದರೆ ಇನ್ನೂ ದೂರ ಎಸೆಯಬೇಕು. ಅದಕ್ಕೆ ಒದಗಿದ್ದು ಪ್ಲುಂಬಾಟ ಎಂಬ ಆಯುಧ. ಅರ್ಧ ಮೀಟರಿನಷ್ಟು ಉದ್ದದ ಪುಟ್ಟ ಈಟಿ. ತುದಿಯಲ್ಲಿ ಕಬ್ಬಿಣದ ಮೊನೆ, ಅದರ ಹಿಂದೆಯೇ ಸೀಸದ ಗುಂಡು, ಬಾಲದಲ್ಲಿ ಗರಿ.

ಸೀಸವೇ ಏಕೆ? ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಕಬ್ಬಿಣ 7.9 ಗ್ರಾಂ, ಸೀಸ 11.3 ಗ್ರಾಂ ತೂಗುತ್ತದೆ. ಗಾಳಿ ತಡೆಯುವುದು ವಸ್ತುವಿನ ಮೈಯನ್ನು. ಮೈ ಚಿಕ್ಕದಾಗಿದ್ದು ತೂಕ ಹೆಚ್ಚಿದ್ದರೆ ಆ ತಡೆಗೆ ಅದು ಬೇಗ ಸೋಲುವುದಿಲ್ಲ. ಜೊತೆಗೆ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ; ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಸೌದೆ ಒಲೆಯ ಬೆಂಕಿಯಲ್ಲೇ ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬಹುದು. (ಸೀಸ ದೇಹಕ್ಕೆ ವಿಷ, ಮಕ್ಕಳೇ. ಅದರೊಂದಿಗೆ ಆಟ ಬೇಡ.)

ತೂಕವೆಲ್ಲ ಮುಂದೆಯೇ ಇರುವುದರಲ್ಲಿ ಇನ್ನೊಂದು ಜಾಣತನವಿದೆ, ನನಗೆ ತುಂಬ ಇಷ್ಟವಾದದ್ದೂ ಅದೇ. ಬ್ಯಾಡ್ಮಿಂಟನ್ ಆಡುವಾಗ ಷಟಲ್ ಕಾಕನ್ನು ಹೇಗೆ ಹೊಡೆದರೂ ಅದು ಗಾಳಿಯಲ್ಲಿ ತಿರುಗಿ, ಬೆಂಡಿನ ಬುಡವನ್ನೇ ಮುಂದೆ ಮಾಡಿಕೊಂಡು ಹೋಗುತ್ತದಲ್ಲವೇ? ಪ್ಲುಂಬಾಟವೂ ಹಾಗೆಯೇ. ಅದರ ಗುರುತ್ವ ಕೇಂದ್ರ ಮೊನೆಯ ಬಳಿ ಇದೆ, ಗಾಳಿಯನ್ನು ಹೆಚ್ಚು ತಡೆಯುವ ಗರಿ ಬಾಲದಲ್ಲಿದೆ. ಈಟಿ ಸ್ವಲ್ಪ ಓರೆಯಾದರೂ ಗಾಳಿ ಬಾಲವನ್ನು ತಳ್ಳಿ ನೆಟ್ಟಗೆ ಮಾಡುತ್ತದೆ. ಮೇಲಕ್ಕೆ ಎಸೆದರೆ ಕೊನೆಗೆ ಮೊನೆ ಕೆಳಗಾಗಿಯೇ ಇಳಿಯುತ್ತದೆ.

ನೀವೇ ನೋಡಬಹುದು. ಕಾಗದದ ಸ್ಟ್ರಾ ಒಂದರ ತುದಿಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಇನ್ನೊಂದು ತುದಿಗೆ ಕಾಗದದ ರೆಕ್ಕೆ ಸಿಕ್ಕಿಸಿ, ಯಾರೂ ಇಲ್ಲದ ಕಡೆಗೆ ಎಸೆಯಿರಿ. ಆಮೇಲೆ ಉಂಡೆಯನ್ನು ಸ್ಟ್ರಾದ ನಡುವೆ, ಕೊನೆಗೆ ರೆಕ್ಕೆಯ ಪಕ್ಕದಲ್ಲೇ ಇಟ್ಟು ಎಸೆಯಿರಿ. ಯಾವುದು ನೆಟ್ಟಗೆ ಹೋಯಿತು, ಯಾವುದು ಪಲ್ಟಿ ಹೊಡೆಯಿತು, ಬರೆದಿಡಿ.

ಮತ್ತೆ ರೋಮನ್ನರ ಕಡೆಗೆ ಬರೋಣ. ಕ್ರಿ.ಶ. 284ರಲ್ಲಿ ಚಕ್ರವರ್ತಿಯಾದ ಡಯೋಕ್ಲೀಷಿಯನ್, ಅವನ ಬಳಿಕ ಬಂದ ಕಾನ್‌ಸ್ಟಂಟೈನ್ ರೋಮನ್ ಸೈನ್ಯವನ್ನು ಬಹಳ ಬದಲಿಸಿದರು. ಗಡಿ ಕಾಯಲು ಒಂದು ಪಡೆ, ಬೇಕಾದಲ್ಲಿಗೆ ಧಾವಿಸಲು ಇನ್ನೊಂದು ಪಡೆ ಎಂಬ ಏರ್ಪಾಡು ನೆಲೆಯಾಯಿತು. ಆದರೆ ಒಬ್ಬ ಸಾಮಾನ್ಯ ಸೈನಿಕನಿಗೆ ಬದಲಾವಣೆ ಅಂದರೆ ಕೈಯಲ್ಲಿ ಹಿಡಿದ ವಸ್ತುವೇ. ವೆಜೀಷಿಯಸ್ ಎಂಬ ರೋಮನ್ ಲೇಖಕ ಹೇಳುವಂತೆ, ಇಲಿರಿಕಂ ಪ್ರಾಂತ್ಯದ ಎರಡು ದಳಗಳು ಪ್ಲುಂಬಾಟ ಎಸೆಯುವುದರಲ್ಲಿ ಹೆಸರು ಮಾಡಿದ್ದವು. ಡಯೋಕ್ಲೀಷಿಯನ್ ಮತ್ತು ಅವನ ಜೊತೆ ಆಳುತ್ತಿದ್ದ ಮ್ಯಾಕ್ಸಿಮಿಯನ್ ಮೆಚ್ಚಿ ಆ ದಳಗಳಿಗೆ ಜೋವಿಯನ್, ಹರ್ಕ್ಯೂಲಿಯನ್ ಎಂಬ ಗೌರವದ ಹೆಸರು ಕೊಟ್ಟರು. ಪ್ರತಿ ಸೈನಿಕ ತನ್ನ ಗುರಾಣಿಯ ಒಳಬದಿಯಲ್ಲಿ ಐದು ಪ್ಲುಂಬಾಟ ಇಟ್ಟುಕೊಳ್ಳುತ್ತಿದ್ದ. ಬಿಲ್ಲು ಹಿಡಿಯದೆಯೇ ಅವನು ಬಿಲ್ಲುಗಾರನ ಕೆಲಸವನ್ನೂ ಮಾಡುತ್ತಿದ್ದ. ಮನುಷ್ಯರನ್ನೂ ಏನೂ ಅರಿಯದ ಕುದುರೆಗಳನ್ನೂ ಗಾಯಗೊಳಿಸಲೆಂದೇ ಮಾಡಿದ ವಸ್ತು ಇದು. ಓದುವಾಗ ನನಗೆ ಆ ಕುದುರೆಗಳ ಬಗ್ಗೆ ಕನಿಕರವಾಗುತ್ತದೆ.

ಇಂಗ್ಲೆಂಡಿನ ರಾಕ್ಸಿಟರ್‌ನಲ್ಲಿ, ಹಳೆಯ ರೋಮನ್ ಪಟ್ಟಣವಿದ್ದ ಜಾಗದಲ್ಲಿ, ಪ್ಲುಂಬಾಟದ ಮೊನೆಗಳು ಸಿಕ್ಕಿವೆ. ಕಬ್ಬಿಣ, ಸೀಸ ಉಳಿದಿವೆ; ಮರದ ಕೋಲು, ಗರಿ ಮಣ್ಣಿನಲ್ಲಿ ಕೊಳೆತುಹೋಗಿವೆ. ಹಾಗಾದರೆ ಗರಿ ಇತ್ತೆಂದು ಗೊತ್ತಾದದ್ದು ಹೇಗೆ? ಆ ಕಾಲದಲ್ಲೇ ಹೆಸರು ಹೇಳದ ಒಬ್ಬರು ಯುದ್ಧೋಪಕರಣಗಳ ಬಗ್ಗೆ ಬರೆದ ಸಣ್ಣ ಪುಸ್ತಕವೊಂದರಿಂದ. ಗರಿಯ ಹಿಂದೆ ಬೆರಳು ಹಿಡಿಯುವಷ್ಟು ಕೋಲನ್ನು ಬಿಡಬೇಕೆಂದು ಅದರಲ್ಲಿದೆ. ಅಂದರೆ ಹಿಡಿಯುತ್ತಿದ್ದುದು ಬಾಲವನ್ನು! ಇಂದಿನ ಆಸಕ್ತರು ಹಾಗೆಯೇ ಮಾದರಿಗಳನ್ನು ಮಾಡಿ, ಬಾಲ ಹಿಡಿದು, ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಎಸೆದಾಗ ಅವು 60 ಮೀಟರ್‌ವರೆಗೂ ಹೋದವು. ಅದೇ ಕುದುರೆಗೆ ಅಷ್ಟು ದೂರ ಓಡಲು 6 ಸೆಕೆಂಡು ಬೇಕು.