ಮಡಿಲು ಆಸನವಲ್ಲ

ಕಾಚಿಗೂಡದ ಸಾಧರ್ಮಿ ಬಂಧುಗಳೇ, ತಾಯಂದಿರೇ,

ನಮ್ಮ ಹಿರಿಯರು ಊರಿಗೆ ಹೊರಟರೆ ಇಲ್ಲಿಯ ನಿಲ್ದಾಣದಲ್ಲಿಯೇ ರೈಲು ಹತ್ತುತ್ತಿದ್ದರು. ಈಗ ಶ್ರವಣಬೆಳಗೊಳದ ಯಾತ್ರೆಯೆಂದರೆ ಕಾರು; ಕರ್ನೂಲು, ಅನಂತಪುರ ದಾಟುವ 44ನೆಯ ರಾಷ್ಟ್ರೀಯ ಹೆದ್ದಾರಿ. ಮುಂದೆ ಕುಳಿತವರು ದಂಡಕ್ಕೆ ಅಂಜಿ ಸೀಟ್ ಬೆಲ್ಟ್ ಬಿಗಿಯುತ್ತಾರೆ. ಹಿಂದೆ ಅಜ್ಜಿ, ಆಕೆಯ ಮಡಿಲಲ್ಲಿ ಮಗು. ಇಬ್ಬರಿಗೂ ಬೆಲ್ಟ್ ಇಲ್ಲ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಅಪ್ಪಳಿಸುವುದು ಮೂರು ಅಂತಸ್ತಿನ ಎತ್ತರದಿಂದ ಬಿದ್ದುದಕ್ಕೆ ಸಮಾನ. ಆ ಕ್ಷಣದಲ್ಲಿ ಯಾವ ತೋಳೂ ಮಗುವನ್ನು ಹಿಡಿದಿಡಲಾರದು. ತನ್ನ ಬೆಲ್ಟಿನೊಳಗೇ ಮಗುವನ್ನು ಸೇರಿಸಿಕೊಂಡ ತಾಯಿಯ ಭಾರವೆಲ್ಲ ಆ ಕೂಸಿನ ಮೇಲೆಯೇ ಬೀಳುವುದು. ಎಳೆಗೂಸಿಗೆ ಬೇಕಾದುದು ಹಿಮ್ಮುಖವಾಗಿ ಕಟ್ಟಿದ ಶಿಶು ಆಸನ, ಅದೂ ಹಿಂದಿನ ಸೀಟಿನಲ್ಲಿ. ಮುಂದಿಟ್ಟರೆ ತೆರೆದುಕೊಳ್ಳುವ ಏರ್‌ಬ್ಯಾಗೇ ಕೂಸಿಗೆ ಮೃತ್ಯು.

2019ರ ಮೋಟಾರು ವಾಹನ ತಿದ್ದುಪಡಿಯು 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಶಿಶು ಆಸನ ಇಲ್ಲದಿದ್ದರೆ 1,000 ರೂಪಾಯಿ ದಂಡ ವಿಧಿಸಿದೆ. ಆದರೂ ಹಿಂದಿನ ಸೀಟು ಆಳುವವರಿಗೆ ನೆನಪಾದುದು 2022ರ ಸೆಪ್ಟೆಂಬರ್ 4ರಂದು, ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿ ಅಲ್ಲಿಯೇ ಬೆಲ್ಟಿಲ್ಲದೆ ಕುಳಿತು ಮಡಿದಾಗ. ದಂಡದ ಮೊತ್ತವನ್ನು ಸಾರುವ ಸರ್ಕಾರ ಶಿಶು ಆಸನವು ಬಡವನ ಕೈಗೆಟುಕುವ ಬಗೆಯನ್ನೂ ಹೇಳಲಿ.

ನಾವೋ ಈರ್ಯಾ ಸಮಿತಿಯನ್ನು ಬಲ್ಲವರು. ಇರುವೆಗಾಗಿ ನೆಲ ನೋಡಿ ನಡೆಯುವ ಎಚ್ಚರ ಕಾರಿನ ಬಾಗಿಲಲ್ಲೇ ಕಳಚಿಹೋಗುವುದೇಕೆ? ಪಂಚಕಲ್ಯಾಣಕ್ಕೆ ಹಣ ಕೂಡಿಸುವ ಸಮಾಜ ನಾಲ್ಕಾರು ಆಸನ ಕೊಂಡು ಯಾತ್ರೆಗೆ ಹೊರಟ ಮನೆಗಳಿಗೆ ಎರವಲು ಕೊಡಬಹುದು. ಕೂಸು ಬೆಳೆದಂತೆ ಆಸನ ಹೇಗೂ ಬದಲಾಗಬೇಕು. ಒಮ್ಮೆ ಅಪಘಾತಕ್ಕೆ ಸಿಕ್ಕ ಆಸನವನ್ನು ಮಾತ್ರ ಯಾರಿಗೂ ಕೊಡಬೇಡಿ.