ಇಲಿಗಳಿಗೆ ಮುಟ್ಟಿದ ತಪ್ಪು ಸುದ್ದಿ

ವೀಕ್ಷಕರೇ, ನಮ್ಮ ದೇಹದೊಳಗೂ ನನ್ನಂಥ ಸುದ್ದಿಗಾರರಿದ್ದಾರೆ. ಸೈಟೊಕೈನ್ ಅನ್ನೋ ಪ್ರೊಟೀನುಗಳು. ರೋಗ ಬಂತು, ಏಳಿ ಅಂತ ರಕ್ಷಣಾ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಇವನ್ನೇ ಲಸಿಕೆಗೆ ಬೆರೆಸಿದರೆ ಬಲ ಹೆಚ್ಚಲ್ವೇ?

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಲಿ ಕಾಟಕ್ಕೆ ಸಂತಾನ ತಡೆಯೋ ಲಸಿಕೆ ಮಾಡಹೊರಟವರು ಹಾಗೇ ಮಾಡಿದರು. ಇಲಿ ಸಿಡುಬಿನ ವೈರಸ್ಸಿಗೆ ಇಂಟರ್‌ಲ್ಯೂಕಿನ್-4ರ ಜೀನ್ ಸೇರಿಸಿದರು. ಪ್ರತಿಕಾಯ ಹೆಚ್ಚಲಿ ಅನ್ನೋ ಆಸೆ. ಆದರೆ ಅದು ಸೋಂಕಿತ ಕೋಶಗಳನ್ನು ಕೊಲ್ಲೋ ಪಡೆಯನ್ನೇ ಮಲಗಿಸಿಬಿಟ್ಟಿತು. ಆ ಸಿಡುಬಿಗೆ ಜಗ್ಗದ ತಳಿಯ ಇಲಿಗಳೂ ಸತ್ತವು. ಮೊದಲೇ ಸಿಡುಬಿನ ಲಸಿಕೆ ಹಾಕಿದ್ದವುಗಳಲ್ಲೂ ಹಲವು ಉಳಿಯಲಿಲ್ಲ.

2001ರಲ್ಲಿ ಇದನ್ನವರು ಪ್ರಕಟಿಸಿದಾಗ, ದುಷ್ಟರ ಕೈಗೆ ಅಸ್ತ್ರ ಕೊಟ್ಟಿರಿ ಎಂದವರಿದ್ದರು. ನಾನಂತೂ ಪ್ರಕಟಿಸಿದ್ದೇ ಸರಿ ಅಂತೀನಿ. ಮುಚ್ಚಿಟ್ಟಿದ್ದರೆ ಇನ್ಯಾರೋ ಒಳ್ಳೇ ಮನಸ್ಸಿನಿಂದಲೇ ಅದನ್ನೇ ಮಾಡ್ತಿದ್ದರು.