ಒಡೆದ ಗಾಜಿನಿಂದ ದೇವಾಲಯದ ಕಿಟಕಿ



ಜ್ಞಾನಸ್ನಾನದ ತೊಟ್ಟಿಯ ಮೇಲಿನ ಚಿಕ್ಕ ಕಿಟಕಿಗೆ ಬಣ್ಣದ ಗಾಜು ಕೂಡಿಸಬೇಕೆಂಬುದು ನಮ್ಮೆಲ್ಲರ ಬಹುದಿನದ ಹಂಬಲ. ಹೊಸ ಗಾಜು ತರಿಸುವ ಶಕ್ತಿ ನಮಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಿಂದ ಒಡೆದ ಗಾಜನ್ನೇ ಒಟ್ಟುಗೂಡಿಸೋಣ ಎಂದಾಗ, "ದೇವರ ಮನೆಗೆ ಒಡಕು ಗಾಜೇ?" ಎಂದು ಕೆಲವು ಹಿರಿಯರು ನೊಂದು ಕೇಳಿದರು. ಒಡೆದ ಕನ್ನಡಿ ಮನೆಯಲ್ಲಿರಬಾರದೆಂದು ನಂಬಿ ಬಂದ ನಾಡು ನಮ್ಮದು. ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ಬೆಂಗಳೂರಿನ ಸಂತ ಮರಿಯಮ್ಮನವರ ಬೆಸಿಲಿಕದ ಬಣ್ಣದ ಗಾಜುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, 1947ರಲ್ಲಿ ಮರಳಿ ಕೂಡಿಸಿದರು. ಹಾಗೆ ಕಳಚಿಡುವ ಅವಕಾಶ ಎಲ್ಲರಿಗೂ ದೊರೆಯಲಿಲ್ಲ. ಇಂಗ್ಲೆಂಡಿನ ವಿಂಚೆಸ್ಟರ್ ಮಹಾದೇವಾಲಯದ ಪಶ್ಚಿಮದ ದೊಡ್ಡ ಕಿಟಕಿಯನ್ನು 1642ರಲ್ಲಿ ಅಂತರ್ಯುದ್ಧದ ಸೈನಿಕರು ಒಡೆದು ಹಾಕಿದರು. 1660ರಲ್ಲಿ ಅರಸೊತ್ತಿಗೆ ಮರಳಿ ಬಂದ ಮೇಲೆ, ಉಳಿದ ಚೂರುಗಳನ್ನು ಜೋಡಿಸಿ ಅದೇ ಕಿಟಕಿಯನ್ನು ತುಂಬಿದರು. ಯಾವ ಚೂರು ಯಾವ ಸಂತರದೆಂದು ಗುರುತಿಸಲಾಗದೆ, ಬಂದ ಹಾಗೆ ಕೂಡಿಸಿದರು. ಬಹುಭಾಗದಲ್ಲಿ ಚಿತ್ರವೆಂಬುದೇ ಇಲ್ಲ, ಬರಿಯ ಬಣ್ಣ. ಇದು ಕುಂದಲ್ಲವೇ ಎಂದು ಮೊದಲು ನಮಗೂ ಅನಿಸಿತ್ತು. ಆದರೂ ಅಲ್ಲಿಯ ಜನ ಅದನ್ನು ತೆಗೆದುಹಾಕದೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು ಬಂದಿದ್ದಾರೆ.

ಅಷ್ಟು ದೂರವೇಕೆ? ನಮ್ಮ ಕಿನ್ನಾಳದ ಕುಶಲಕರ್ಮಿಗಳು ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದಲೇ ದೇವರ ಪ್ರತಿಮೆಗಳ ಭಾಗಗಳನ್ನು ಬೆಸೆಯುತ್ತಾರೆ. ಚಿಂದಿಯೆಂದು ಯಾರೂ ಹೀಗಳೆಯುವುದಿಲ್ಲ.

ಕೆಲಸವೇನೋ ಸುಲಭವಲ್ಲ. ಬೇರೆ ಬೇರೆ ಗಾಜುಗಳನ್ನು ಕರಗಿಸಿ ಒಂದಾಗಿಸಿದರೆ, ತಣ್ಣಗಾಗುವಾಗ ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುತ್ತವೆ. ಆದುದರಿಂದ ಎರಡೂ ಬದಿಗೆ ಕಾಲುವೆಯಂತೆ ಕೊರೆದ ಸೀಸದ ಪಟ್ಟಿಯಲ್ಲಿ ಚೂರುಗಳನ್ನು ಕೂಡಿಸಿ, ಪಟ್ಟಿಗಳು ಸೇರುವೆಡೆ ಬೆಸುಗೆ ಹಾಕಿ, ಸಂದಿಗೆ ಪುಟ್ಟಿ ತುಂಬಬೇಕು. ಚೂಪಾದ ಅಂಚುಗಳನ್ನು ಸಾಣೆಕಲ್ಲಿನ ಮೇಲೆ ನೀರು ಬಿಡುತ್ತ ಉಜ್ಜಬೇಕು. ಒಣಗಾಜಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣಕೂಡದು. ಮಕ್ಕಳನ್ನಂತೂ ಈ ಕೆಲಸಕ್ಕೆ ಹಚ್ಚುವುದೇ ಬೇಡ.

ಹಸಿರು, ಕಂದು ಬಣ್ಣದ ಬಾಟಲಿಗಳು ಬೇಕಾದಷ್ಟು ಬಂದಿವೆ. ಬದಿ ಬಾಗಿರುವುದರಿಂದ ಅವುಗಳ ಸಣ್ಣ ಚೂರುಗಳಷ್ಟೇ ಕೂಡುತ್ತವೆ. ಬಳೆಚೂರು ತಂದ ತಾಯಂದಿರು ದಯವಿಟ್ಟು ಬೇಸರಿಸಬಾರದು. ಅವು ಪಟ್ಟಿಯಲ್ಲಿ ನಿಲ್ಲವು. ಕೊರತೆಯಿರುವುದು ಕೆಂಪಿಗೆ. ಕೆಂಪು ಗಾಜು ದಪ್ಪವಾದರೆ ಕಪ್ಪಾಗಿ ಕಾಣುವುದೆಂದು ಹಿಂದಿನವರು ಬಿಳಿ ಗಾಜಿನ ಮೇಲೆ ಕೆಂಪಿನ ತೆಳುಪೊರೆಯನ್ನಷ್ಟೇ ಹೊದಿಸುತ್ತಿದ್ದರು. ನಮ್ಮ ಚಿತ್ರದಲ್ಲಿ ಪವಿತ್ರಾತ್ಮರ ಜ್ವಾಲೆಗೆ ಆ ಬಣ್ಣ ಬೇಕೇ ಬೇಕು. ಹಳೆಯ ವಾಡೆಗಳ ಬಾಗಿಲ ಮೇಲಿದ್ದ ಕೆಂಪು ಗಾಜನ್ನು ಯಾರಾದರೂ ಕಳಚಿಟ್ಟಿದ್ದರೆ, ಅದು ಒಡೆದಿದ್ದರೂ ಸರಿಯೇ, ದಪ್ಪ ಬಟ್ಟೆಯಲ್ಲಿ ಸುತ್ತಿ ಬರುವ ಭಾನುವಾರ ಬಲಿಪೂಜೆಯ ನಂತರ ತಂದುಕೊಡಿರಿ.